ನಿಮ್ಮ ಮನೆಯವ್ರು ಓದ್ಯಾರೇನ್ರಿ?

ನಾನೊಂದು ಕತೆ ಬರೆದೆ. ಕತೆ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಯಾರೂ ಶುರು ಮಾಡುವುದಿಲ್ಲ. ಮೊದಲು ಬರೋದು ಇದೇ ಪ್ರಶ್ನೆ: "ನಿಮ್ಮ ಮನೆಯವ್ರು ಓದ್ಯಾರೇನ್ರಿ?" ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಪುಂಡಿಪಲ್ಲೆ ಆರಿಸುವಾಗ ಕೇಳಿದ್ದಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ದನಿ ತಗ್ಗಿಸಿಯೇ ಕೇಳುತ್ತಾರೆ.

ಉತ್ತರ ಹೇಳ್ತೀನಿ. ಓದದವರಿಗಾಗಿ ಮೊದಲು ಕತೆ.

ನಾನೇನು ಲೇಖಕಿ ಅಲ್ಲ. ಗೆಳತಿಯರಿಗೆ ತೋರಿಸೋಣ ಅಂತ ಬರೆದದ್ದು ಜೆರಾಕ್ಸ್ ಆಗಿ ಊರೆಲ್ಲ ತಿರುಗಿತು. ಕತೆ ಹೀಗಿದೆ: ಮೇ ತಿಂಗಳ ಮಧ್ಯಾಹ್ನ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಆಫೀಸು ಬೆಳಿಗ್ಗೆ 8ಕ್ಕೆ ಶುರುವಾಗಿ 1:30ಕ್ಕೆ ಮುಗಿಯುತ್ತದಲ್ವಾ, ಹಾಗೆ ಮನೆಗೆ ಬಂದ ಒಬ್ಬಳು. ಕೂಲರಿನ ಹುಲ್ಲು ಬದಲಿಸಲು ಒಬ್ಬ ಬರುತ್ತಾನೆ. ಹಳೇ ಹುಲ್ಲು ಕಿತ್ತು, ಹೊಸದು ತುಂಬಿ, ನೀರು ಬಿಡುತ್ತಾನೆ. ಒದ್ದೆ ಹುಲ್ಲಿನ ವಾಸನೆ ಮನೆ ತುಂಬ. ಅವಳು ಚರಗಿಯಲ್ಲಿ ನೀರು ಕೊಡುತ್ತಾಳೆ. ಅವನು ಎತ್ತಿ ಕುಡಿಯುವಾಗ ಒಂದು ಹನಿ ಗದ್ದದಿಂದ ಕತ್ತಿಗೆ ಇಳಿಯುತ್ತದೆ. ಅವನು ಹೋದ ಮೇಲೆ ಶಹಾಬಾದಿ ಪರಸಿಯ, ಅಂದ್ರೆ ನೆಲಕ್ಕೆ ಹಾಸಿದ ಕಲ್ಲಿನ, ಮೇಲೆ ಅವನ ಒದ್ದೆ ಹೆಜ್ಜೆ. ಅವಳು ಆ ಹೆಜ್ಜೆಯೊಳಗೆ ತನ್ನ ಪಾದ ಇಡುತ್ತಾಳೆ. ಇನ್ನೊಂದಕ್ಕೆ ಕಾಲೆತ್ತುವಷ್ಟರಲ್ಲಿ ಅದು ಒಣಗಿ ಹೋಗಿರುತ್ತದೆ.

ಅಷ್ಟೇ ಕತೆ.

ಪಕ್ಕದ ಓಣಿಯ ಅಕ್ಕ ಒಬ್ಬರು, "ಚೊಲೋ ಬರ್ದಿ. ಆದ್ರ ನಡುವಿನ ಆ ಸೀನ್ ಒಂದು ಬ್ಯಾಡಾಗಿತ್ತು" ಅಂದರು. ಯಾವ ಸೀನ್ ಅಕ್ಕಾ ಅಂದೆ. ಸೆರಗು ಸರಿಮಾಡಿಕೊಂಡು ಆ ಕಡೆ ನೋಡಿದರು. ನಿವೃತ್ತ ಮಾಸ್ತರರೊಬ್ಬರಿಗೆ ಮುತ್ತಿನ ಜಾಗದಲ್ಲಿ ಭಾಷೆ ಸಡಿಲಾಗಿದೆ ಅನಿಸಿತಂತೆ. ಮನೆಗೆ ಬಂದು ಮತ್ತೆ ಓದಿದೆ. ಮುತ್ತು ಎಲ್ಲೂ ಇಲ್ಲ. ಅವರಿಬ್ಬರ ಬೆರಳು ಸಹ ತಾಗುವುದಿಲ್ಲ, ಚರಗಿಯನ್ನು ಅವಳು ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿಯುತ್ತಾಳೆ.

ಮಂಗಳೂರಿನ ಗೆಳತಿಗೆ ಮಾತ್ರ ಏನೂ ಆಗಲಿಲ್ಲ. "ಹೆಜ್ಜೆ ಒಣಗಿದ್ದು ಅಷ್ಟು ದೊಡ್ಡ ಸಂಗತಿಯಾ?" ಅಂದಳು. ಅವಳ ತಪ್ಪಲ್ಲ ಬಿಡಿ. ಕರಾವಳಿಯ ಗಾಳಿಯಲ್ಲೇ ನೀರು ಜಾಸ್ತಿ, ಅಲ್ಲಿ ಕೂಲರ್ ಹಾಕಿದರೆ ಸೆಕೆ ಇನ್ನೂ ಹೆಚ್ಚು. ನಮ್ಮದು ಒಣ ಗಾಳಿ. ಹುಲ್ಲಿನ ನೀರು ಕುಡಿದು ತಣ್ಣಗಾಗಿ ಒಳಗೆ ಬರುತ್ತದೆ. ನೆಲದ ಮೇಲಿನ ಹೆಜ್ಜೆಯನ್ನೂ ಅದೇ ಕುಡಿಯುವುದು. ನಾನು ಬರೆದದ್ದು ಆ ಬಿಸಿಲನ್ನ. ಉಳಿದದ್ದನ್ನು ಓದಿದವರು ತಂದು ಸೇರಿಸಿದರು.

ನನಗೆ ಇಷ್ಟವಾದ ಓದುಗರು ಚಿತ್ತಾಪುರ ಕಡೆಯ ಒಬ್ಬ ಅಜ್ಜಿ. ಅವರ ಮನೆಯವರು ಕಲ್ಲಿನ ಖಣಿಯಲ್ಲಿ ಪರಸಿ ಎಬ್ಬಿಸುತ್ತಿದ್ದರಂತೆ. ಮೊಮ್ಮಗಳು ಕತೆ ಓದಿ ಹೇಳಿದ್ದಳು. "ನಾವೂ ಬ್ಯಾಸಗ್ಯಾಗ ಪರಸಿಗಿ ನೀರ್ ಚೆಲ್ಲಿ, ಬಾಗಲಾ ಹಾಕ್ಕೊಂಡು, ಬರೇ ಬೆನ್ನ ಹಚ್ಚಿ ಮಕ್ಕೋತಿದ್ವಿ ನೋಡವ್ವ" ಅಂದು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತು, ಅಂಗೈಯಿಂದ ನೆಲ ಸವರುತ್ತಿದ್ದರು. ಮನೆಯವರು ಓದಿದ್ರಾ ಅಂತ ಅವರು ಕೇಳಲಿಲ್ಲ.

ಸರಿ, ಉತ್ತರ. ಹೌದು, ಓದಿದ್ದಾರೆ. ನಾನು ರೊಟ್ಟಿ ಬಡಿಯುತ್ತಿದ್ದೆ, ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ಪೂರ್ತಿ ಓದಿದರು. ಹಾಳೆ ಮಡಚಿದರು. ನನ್ನ ಎದೆ ಡವಡವ ಅಂತಿತ್ತು, ಸುಳ್ಳು ಯಾಕೆ ಹೇಳಲಿ.

"ಮದ್ವಿ ಆದ ವರ್ಷ ಕೂಲರಿಗಿ ಹುಲ್ಲ ಹಾಕ್ದಾಂವ ನಾನಽ ಅಲ್ಲೇನು?" ಅಂದರು.

ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಮುಂದಿನ ಭಾನುವಾರ ಅವರು ಬಜಾರಿಗೆ ಹೋಗಿ ಕೂಲರಿನ ಹೊಸ ಹುಲ್ಲು ತಂದರು. ಫೆಬ್ರವರಿ ಇನ್ನೂ ಮುಗಿದಿರಲಿಲ್ಲ.