ಬರೆದದ್ದು ಬರೆದವರಿಗೇ ಕಾಣದಿದ್ದಾಗ

"ವಿಳಾಸ ಬದಲಾಯಿಸಿದೆ, ಸೇವ್ ಆಯ್ತು ಅಂತಲೂ ಬಂತು. ಆದರೂ ಹಳೇದೇ ಕಾಣ್ತಿದೆ." ಸಪೋರ್ಟ್ ತಂಡದಿಂದ ಇಂಥ ದೂರು ಆಗಾಗ ಬರುತ್ತಿತ್ತು. ನಾನು ನೋಡುವ ಹೊತ್ತಿಗೆ ಎಲ್ಲಾ ಸರಿಯಾಗಿಯೇ ಇರುತ್ತಿತ್ತು. ನಮ್ಮ ಟೆಸ್ಟ್ ಸರ್ವರ್‌ನಲ್ಲಿ ಇದ್ದದ್ದು ಒಂದೇ ಡೇಟಾಬೇಸ್, ಅಲ್ಲಿ ಈ ತಪ್ಪು ಸಿಗುವುದಾದರೂ ಹೇಗೆ?

ಅಸಲಿ ಸೈಟ್‌ನಲ್ಲಿ ಬರೆಯುವುದು ‘ಪ್ರೈಮರಿ’ ಅನ್ನೋ ಮುಖ್ಯ ಡೇಟಾಬೇಸ್‌ಗೆ, ಓದುವುದು ಅದರ ನಕಲುಗಳಾದ ‘ರೆಪ್ಲಿಕಾ’ಗಳಿಂದ. ಕೊನೆಗೆ ಒಬ್ಬರ ಲಾಗ್ ಹಿಡಿದು ಕೂತೆ. 10:42:07.310ಕ್ಕೆ ಪ್ರೈಮರಿಯಲ್ಲಿ ಕಮಿಟ್, ಅಂದರೆ ಬದಲಾವಣೆ ಪಕ್ಕಾ ಆಯ್ತು. 10:42:07.390ಕ್ಕೆ ರೆಪ್ಲಿಕಾದಿಂದ ಓದು. ನಡುವೆ ಬರೀ 80 ಮಿಲಿಸೆಕೆಂಡ್. ಹೊಸ ವಿಳಾಸ ರೆಪ್ಲಿಕಾದಲ್ಲಿ ಇನ್ನೂ ಕಾಣುವಂತಾಗಿರಲಿಲ್ಲ. ಪಾಪ, ಅವರು ಅದೇ ಫಾರಂ ಮೂರು ಸಲ ತುಂಬಿದ್ದರು. ನನಗೆ ನಿಜಕ್ಕೂ ಬೇಜಾರಾಯ್ತು.

ನಾನು ದಾರಿ ತಪ್ಪಿದ್ದು ‘ಸಿಂಕ್ರೋನಸ್’ ಅನ್ನೋ ಪದದಿಂದ. ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ‘ಸಿಂಕ್ರೋನಸ್ ಕಮಿಟ್’ ಅನ್ನೋ ಸೆಟ್ಟಿಂಗ್ ‘ಆನ್’ ಇತ್ತು. ಅಂದಮೇಲೆ ರೆಪ್ಲಿಕಾದಲ್ಲೂ ತಕ್ಷಣ ಸಿಗುತ್ತದೆ ಅಂದುಕೊಂಡಿದ್ದೆ. ನಮ್ಮ ಸೆಟಪ್‌ನಲ್ಲಿ ‘ಆನ್’ ಅಂದರೆ ವಾಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್) ದಾಖಲೆ ರೆಪ್ಲಿಕಾದ ಡಿಸ್ಕ್ ಸೇರಿದೆ ಅಂತ, ಅಷ್ಟೇ. ಅದನ್ನು ಟೇಬಲ್‌ಗೆ ಹಾಕಿ ಕ್ವೆರಿಗೆ, ಅಂದರೆ ಡೇಟಾ ಕೇಳುವವರಿಗೆ, ತೋರಿಸುವುದು ಆಮೇಲಿನ ಕೆಲಸ. ಡೇಟಾ ಕಳೆದುಹೋಗಲ್ಲ ಅನ್ನೋ ಭರವಸೆ ಬೇರೆ, ಈಗಲೇ ಕಾಣುತ್ತೆ ಅನ್ನೋ ಭರವಸೆ ಬೇರೆ. 2016ರ 9.6 ಆವೃತ್ತಿಯಲ್ಲಿ ಬಂದ ‘ರಿಮೋಟ್ ಅಪ್ಲೈ’ ಅನ್ನೋ ಆಯ್ಕೆ ಎರಡನೆಯದನ್ನೂ ಕೊಡುತ್ತದೆ. ಆದರೆ ರೆಪ್ಲಿಕಾ ಮುಗಿಸುವ ತನಕ ಕಮಿಟ್ ಕಾಯಬೇಕು. ಅಷ್ಟು ಕಾಯುವುದು ನಮಗೆ ಜಾಸ್ತಿ ಆಯ್ತು.

ಹಾಗಾಗಿ ಯಾರಾದರೂ ಬರೆದ ಮೇಲೆ 5 ಸೆಕೆಂಡ್ ಅವರ ಓದನ್ನೆಲ್ಲ ಪ್ರೈಮರಿಗೇ ಕಳಿಸಿದೆವು. ಕೆಲವು ದಿನ ಚೆನ್ನಾಗಿ ನಡೆಯಿತು. ಆಮೇಲೆ ಒಂದು ರಾತ್ರಿ ದೊಡ್ಡ ರಿಪೋರ್ಟ್ ಕ್ವೆರಿ ರೆಪ್ಲಿಕಾದಲ್ಲಿ ಓಡಿತು. ಓಡುತ್ತಿರುವ ಕ್ವೆರಿಗೆ ಅಡ್ಡ ಬರುವ ಬದಲಾವಣೆಯನ್ನು ರೆಪ್ಲಿಕಾ ತಡೆದು ನಿಲ್ಲಿಸುತ್ತದೆ. ಹಾಗೆ ತಡೆಯುವ ಡೀಫಾಲ್ಟ್ ಮಿತಿಯೇ 30 ಸೆಕೆಂಡ್, ಅಲ್ಲಿಯವರೆಗೆ ರೆಪ್ಲಿಕಾ ಹಿಂದೆ ಬೀಳಬಹುದು. ನಮ್ಮ 5 ಸುಮ್ನೆ ಒಂದು ಅಂದಾಜಾಗಿತ್ತು.

ಈಗ ನಾವು ಗಡಿಯಾರ ನೋಡುವುದಿಲ್ಲ. ಕಮಿಟ್ ಆದ ಕೂಡಲೇ ಪ್ರೈಮರಿಯ ಎಲ್‌ಎಸ್‌ಎನ್ ತೆಗೆದು ಆ ಬಳಕೆದಾರರ ಸೆಷನ್‌ನಲ್ಲಿ ಇಡುತ್ತೇವೆ. ವಾಲ್ ಎಲ್ಲಿಯವರೆಗೆ ಬಂದಿದೆ ಅನ್ನುವ ಗುರುತು ಅದು. ಓದುವ ಮುಂಚೆ ರೆಪ್ಲಿಕಾ ಅಲ್ಲಿಗೆ ಮುಟ್ಟಿದೆಯಾ ಅಂತ ಕೇಳುತ್ತೇವೆ. ಇಲ್ಲ ಅಂದರೆ ಪ್ರೈಮರಿ. ಓದಿದ ರೆಪ್ಲಿಕಾದ ಗುರುತನ್ನೂ ಇಟ್ಟುಕೊಂಡರೆ ಇನ್ನೊಂದು ಕಾಟ ತಪ್ಪುತ್ತದೆ: ಈಗ ಕಂಡ ಕಾಮೆಂಟ್ ರಿಫ್ರೆಶ್ ಮಾಡಿದಾಗ ಮಾಯ, ಯಾಕೆಂದರೆ ಈ ಸಲ ಸಿಕ್ಕಿದ್ದು ಹಿಂದೆ ಬಿದ್ದ ಬೇರೆ ರೆಪ್ಲಿಕಾ. ‘ರೀಡ್ ಯುವರ್ ರೈಟ್ಸ್’ (ಬರೆದದ್ದು ಬರೆದವರಿಗೆ ಕಾಣಬೇಕು), ‘ಮೊನೊಟೋನಿಕ್ ರೀಡ್ಸ್’ (ಒಮ್ಮೆ ಕಂಡದ್ದು ಮಾಯವಾಗಬಾರದು) ಅಂತ ಜೆರಾಕ್ಸ್‌ನ ಪಾರ್ಕ್ (PARC) ಸಂಶೋಧನಾ ಕೇಂದ್ರದ ಬೇಯೂ ತಂಡ 1994ರಲ್ಲೇ ಇವನ್ನು ವಿವರಿಸಿತ್ತು. ನಾನು ಓದಿದ್ದು ತಡವಾಗಿ.

ಇದೆಲ್ಲ ಒಂದು ಸೆಷನ್ ಒಳಗಿನ ಮಾತು. ಒಬ್ಬರು ಬದಲಾಯಿಸಿ, ಫೋನ್‌ನಲ್ಲಿ ಇನ್ನೊಬ್ಬರಿಗೆ "ಈಗ ನೋಡಿ" ಅಂದರೆ, ಆ ಇನ್ನೊಬ್ಬರ ಸೆಷನ್‌ಗೆ ಗುರುತೇ ಗೊತ್ತಿರಲ್ಲ, ಅಲ್ವಾ? ಅದಕ್ಕೇ ಖಾತೆಯ ಬಾಕಿ, ಸ್ಟಾಕ್ ಎಣಿಕೆಯಂಥ ಓದನ್ನು ಪ್ರೈಮರಿಯಲ್ಲೇ ಉಳಿಸಿಕೊಂಡಿದ್ದೇವೆ.

ಟೆಸ್ಟ್ ಸರ್ವರ್‌ಗೂ ಈಗ ಒಂದು ರೆಪ್ಲಿಕಾ ಇದೆ. ‘ರಿಕವರಿ ಮಿನ್ ಅಪ್ಲೈ ಡಿಲೇ’ ಅನ್ನೋ ಸೆಟ್ಟಿಂಗ್ ಹಾಕಿ ಬೇಕಂತಲೇ 2 ಸೆಕೆಂಡ್ ಹಿಂದೆ ಇಟ್ಟಿದ್ದೇವೆ. ಹಾಕಿದ ದಿನವೇ ಹಳೇ ಡೇಟಾ ತೋರಿಸುವ ಇನ್ನೂ ಎರಡು ಪೇಜು ಸಿಕ್ಕಿಬಿದ್ದವು.