ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ವೈರ್ ಬಿಚ್ಚುವ ಮೊದಲು

ತೊಗರಿ ಸೀಸನ್ನಿನಲ್ಲಿ ದಾಲ್ ಮಿಲ್ಲಿಗೆ ಶಟ್‌ಡೌನ್ ಕೇಳಿ ನೋಡಿ, ಗೊತ್ತಾಗುತ್ತದೆ. ಕಲಬುರಗಿಯ ಕಪನೂರ ಕಡೆ ಆಗ ಹಗಲು ರಾತ್ರಿ ಮಿಲ್ಲುಗಳ ಸದ್ದೇ ಸದ್ದು. ಅಂಥ ಹೊತ್ತಿನಲ್ಲಿ ನಮ್ಮ ಮೇನ್ ಪ್ಯಾನೆಲ್‌ನ ಆರ್ ಫೇಸ್ ಅಮ್ಮೀಟರ್ (ಕರೆಂಟ್ ಅಳೆಯುವ ಮೀಟರ್) ಮುಳ್ಳು ನೂರಿಪ್ಪತ್ತರಲ್ಲಿ ಸಿಕ್ಕಿಕೊಂಡಿತು. ಉಳಿದೆರಡು ಫೇಸ್‌ಗಳಾದ ವೈ, ಬಿ ಎರಡೂ ಮುನ್ನೂರು ಆಂಪಿಯರ್ ಆಸುಪಾಸು ತೋರಿಸುತ್ತಿದ್ದವು. ಭಾನುವಾರ ಮಿಲ್ ನಿಲ್ಲಿಸಿ ಬದಲಿಸೋಣ ಎಂದೆ. "ಬರೇ ಮೀಟರ್ ಅಲ್ರೀ, ಅದಕ್ಕ್ಯಾಕ ಮಿಲ್ ಬಂದ್ ಮಾಡ್ಬೇಕು?" ಎಂದರು ಮ್ಯಾನೇಜರ್. ನಾನು ಡ್ರೈಯರ್ ಕಡೆ ಹೋದ ಮೇಲೆ ಐಟಿಐ ಮುಗಿಸಿ ಬಂದ ಹುಡುಗನನ್ನು ಕರೆದು ಅದೇ ಕೆಲಸ ಹಚ್ಚಿದರು.

ವಾಪಸ್ ಬಂದಾಗ ಪ್ಯಾನೆಲ್ ಬಾಗಿಲು ತೆರೆದಿತ್ತು. ಒಳಗಿಂದ ಗುಂಯ್ ಎಂಬ ಸದ್ದು. ಅಮ್ಮೀಟರ್ ಹಿಂದೆ ಸಿಟಿಯಿಂದ ಬರುವ ಒಂದು ವೈರ್ ಬಿಚ್ಚಿದೆ. ಅದರ ತುದಿಯ ಲಗ್ಗಿಗೂ ಮೀಟರಿನ ಸ್ಟಡ್ಡಿಗೂ ನಡುವೆ ಒಂದು ಬೇಳೆಯಷ್ಟು ಅಂತರ, ಅಲ್ಲಿ ನೀಲಿ ಕಿಡಿ ಚಿಟಿಚಿಟಿ ಅನ್ನುತ್ತಿದೆ. ಹುಡುಗ ಹೆದರಿ ಆ ವೈರನ್ನು ಮತ್ತೆ ಒಳಗೆ ಒತ್ತಲು ಕೈ ಚಾಚಿದ್ದ.

"ಮುಟ್ಟಬ್ಯಾಡ! ಹಿಂದ ಸರಿ!"

ಅವನು ಸರಿದ. ನನ್ನ ಕೈ ಇನ್‌ಕಮರ್‌ನ (ಮೇನ್ ಸ್ವಿಚ್ಚಿನ) ಕೆಂಪು ಬಟನ್ ಮೇಲಿತ್ತು. ತುಂಬಿದ ಲೋಡಿನಲ್ಲಿ ಒಮ್ಮೆಲೇ ನಿಲ್ಲಿಸಿದರೆ ಕಾಳು ಮೇಲೆತ್ತುವ ಎಲಿವೇಟರ್‌ಗಳ ತಳದ ಬೂಟಿನಲ್ಲಿ ಮಾಲು ತುಂಬಿ ಚೋಕ್ ಆಗುತ್ತದೆ, ತೆಗೆಯುವಷ್ಟರಲ್ಲಿ ಅರ್ಧ ಪಾಳಿ ಹೋಗುತ್ತದೆ. ಅದೆಲ್ಲ ಕಣ್ಣಮುಂದೆ ಬಂತು. ಅಷ್ಟರಲ್ಲಿ ಸುಟ್ಟ ವಾರ್ನಿಶ್ ವಾಸನೆ ಮೂಗಿಗೆ ಬಡಿಯಿತು. ಒತ್ತಿದೆ.

ಮಿಲ್ ನಿಂತಿತು. "ಯಾರು ಬಂದ್ ಮಾಡ್ಯಾರ?" ಎನ್ನುತ್ತ ಮ್ಯಾನೇಜರ್ ಓಡಿ ಬಂದರು. ಎಷ್ಟು ಕ್ವಿಂಟಲ್ ಹೋಯಿತು ಎಂಬ ಲೆಕ್ಕ ರಾತ್ರಿವರೆಗೂ ನಡೆಯಿತು. ಹುಡುಗನ ಬೆರಳು ಉಳಿಯಿತಲ್ಲ, ಅದು ಆ ಲೆಕ್ಕದಲ್ಲಿ ಬರಲೇ ಇಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮನೆ ವೈರಿಂಗ್‌ನಲ್ಲಿ ಬಿಚ್ಚಿದ ತುದಿಗೆ ಟೇಪ್ ಸುತ್ತಿದರೆ ಮುಗಿಯಿತು. ಅವನು ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ: "ಅಣ್ಣಾ, ಕರೆಂಟ್ ಹೋಗ್ಲಿಕ್ಕ ದಾರಿನೇ ಇಲ್ಲಂದ್ರ ಕಿಡಿ ಹೆಂಗ ಬಂತು?"

ಸಿಟಿ ಅಂದರೆ ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಷ್ಟು ಸಣ್ಣದು ಮಾಡಿ ಕೊಡುವ ಉಂಗುರ. ನಮ್ಮದು 400/5 ಸಿಟಿ, ಅಂದರೆ 400 ಆಂಪಿಯರಿಗೆ 5. ನಡುವೆ ಹಾಯುವ ಬಸ್‌ಬಾರ್ (ಮಿಲ್ಲಿನ ಕರೆಂಟ್ ಹೊರುವ ಲೋಹದ ಪಟ್ಟಿ) ಒಂದೇ ಸುತ್ತು, ಉಂಗುರದ ಕೋರ್ ಮೇಲೆ ಸೆಕೆಂಡರಿ (ಮೀಟರಿಗೆ ಹೋಗುವ ತಂತಿ) 80 ಸುತ್ತು. ಬಸ್‌ಬಾರ್‌ನಲ್ಲಿ 300 ಆಂಪಿಯರ್ ಓಡಿದರೆ ಸೆಕೆಂಡರಿಯಲ್ಲಿ 3.75. ಅದನ್ನು 80ರಿಂದ ಗುಣಿಸಿ, ಮತ್ತೆ 300. ಎರಡೂ ಎದುರುಬದುರು ಎಳೆಯುತ್ತವೆ. 1834ರಲ್ಲಿ ಭೌತವಿಜ್ಞಾನಿ ಲೆನ್ಜ್ ಹೇಳಿದ ನಿಯಮ ಇದೇ. ಹಗ್ಗ ಜಗ್ಗಾಟದಲ್ಲಿ ಎರಡು ಕಡೆ ಸಮಬಲ ಇದ್ದ ಹಾಗೆ. ಆದ್ದರಿಂದ ಕೋರ್‌ನಲ್ಲಿ ಉಳಿಯುವ ಫ್ಲಕ್ಸ್ (ಕಾಂತೀಯ ಹರಿವು) ತೀರ ಅಲ್ಪ, ಅಮ್ಮೀಟರ್ ಮೂಲಕ ಕರೆಂಟ್ ತಳ್ಳಲು ಬೇಕಾದಷ್ಟೇ.

ಸೆಕೆಂಡರಿ ಬಿಚ್ಚಿದೆವೆನ್ನಿ. ಬಸ್‌ಬಾರ್‌ನ 300 ಆಂಪಿಯರ್ ಮಾತ್ರ ನಿಲ್ಲುವುದಿಲ್ಲ, ಅದನ್ನು ಎಳೆಯುತ್ತಿರುವುದು ಮಿಲ್ಲಿನ ಮೋಟರ್‌ಗಳು. ಎದುರಿಗೆ ಯಾರೂ ಇಲ್ಲದ ಕಾರಣ ಅಷ್ಟೂ ಬಲ ಕೋರ್ ಮೇಲೆಯೇ ಬಿದ್ದು ಅದು ಸ್ಯಾಚುರೇಟ್ ಆಗುತ್ತದೆ, ಅಂದರೆ ಫ್ಲಕ್ಸ್ ಇನ್ನು ಹಿಡಿಸದಷ್ಟು ತುಂಬಿಕೊಳ್ಳುತ್ತದೆ. 50 ಹರ್ಟ್ಜ್ ಅಂದರೆ ಸೆಕೆಂಡಿಗೆ 100 ಸಲ ದಿಕ್ಕು ಬದಲು. ಪ್ರತಿ ಸಲವೂ ಫ್ಲಕ್ಸ್ ಈ ತುದಿಯಿಂದ ಆ ತುದಿಗೆ ಕಣ್ಣು ಮಿಟುಕಿಸುವುದಕ್ಕೂ ಮುಂಚೆ ಜಿಗಿಯುತ್ತದೆ. ವೋಲ್ಟೇಜ್ ಹುಟ್ಟುವುದು ಫ್ಲಕ್ಸ್ ಎಷ್ಟಿದೆ ಎನ್ನುವುದರಿಂದಲ್ಲ, ಎಷ್ಟು ಬೇಗ ಬದಲಾಗುತ್ತದೆ ಎನ್ನುವುದರಿಂದ. ಅದರ ಮೇಲೆ 80 ಸುತ್ತಿನ ಗುಣಾಕಾರ. ಆ ಜಿಗಿತದ ಕ್ಷಣದಲ್ಲಿ ಏಳುವ ವೋಲ್ಟೇಜ್ ದೊಡ್ಡ ಸಿಟಿಗಳಲ್ಲಿ ಸಾವಿರಾರು ವೋಲ್ಟ್ ಮುಟ್ಟುತ್ತದೆ. ಮಲ್ಟಿಮೀಟರ್ ಹಿಡಿದರೆ ಈ ಮೊನೆ ಪೂರ್ತಿ ಕಾಣುವುದೂ ಇಲ್ಲ.

ಫ್ಯಾರಡೆ 1831ರ ಆಗಸ್ಟ್‌ನಲ್ಲಿ ಕಬ್ಬಿಣದ ಉಂಗುರಕ್ಕೆ ಎರಡು ಕಾಯಿಲ್ ಸುತ್ತಿ ನೋಡಿದ್ದೂ ಇದನ್ನೇ. ಒಂದು ಕಾಯಿಲಿಗೆ ಬ್ಯಾಟರಿ ಜೋಡಿಸಿದಾಗ, ಬಿಚ್ಚಿದಾಗ ಮಾತ್ರ ಇನ್ನೊಂದರ ಕಡೆಯ ಮುಳ್ಳು ಹಾರಿತು. ಕರೆಂಟ್ ಒಂದೇ ಸಮ ಹರಿಯುವಾಗ ಅಲುಗಲಿಲ್ಲ. ನಮ್ಮ ಪ್ಯಾನೆಲ್‌ನ ಸಿಟಿ ಅದೇ ಉಂಗುರದ ವಂಶದ್ದು.

ಆ ದಿನ ವೈರ್ ಬಿಚ್ಚದೆಯೇ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಒಂದೇ ಸಾಕಿತ್ತು. ಸೆಕೆಂಡರಿ ವೈರಿಗೆ ಹಾಕಿ, 3.7 ಹತ್ತಿರ ತೋರಿಸಿದರೆ ಸಿಟಿ ಚೆನ್ನಾಗಿದೆ, ಕೆಟ್ಟಿರುವುದು ಮೀಟರ್. ತುರ್ತಾಗಿ ಬದಲಿಸಲೇಬೇಕಾದರೆ ಟರ್ಮಿನಲ್ ಬ್ಲಾಕಿನಲ್ಲಿ ಸೆಕೆಂಡರಿಯ ಎರಡು ತುದಿಗಳಾದ ಎಸ್1, ಎಸ್2 ಮೊದಲು ಶಾರ್ಟ್ ಮಾಡಿ, ಮೀಟರಿನ ಕರೆಂಟ್ ಇಳಿದದ್ದನ್ನು ಟಾಂಗಿನಲ್ಲೇ ನೋಡಿ, ಆಮೇಲೆ ಸ್ಕ್ರೂ ಡ್ರೈವರ್ ಹಚ್ಚಬೇಕು. ಸಿಟಿ ಸೆಕೆಂಡರಿಗೆ ಫ್ಯೂಸ್ ಹಾಕದಿರುವುದೂ ಇದಕ್ಕೇ. ಫ್ಯೂಸ್ ಹೋದರೆ ಸಿಟಿ ಓಪನ್ ಆದಂತೆಯೇ.

ನಮ್ಮ ಪ್ಯಾನೆಲ್‌ನಲ್ಲಿ ಶಾರ್ಟಿಂಗ್ ಲಿಂಕ್ ಇರುವ ಟರ್ಮಿನಲ್ ಬ್ಲಾಕೇ ಇಲ್ಲ. ಸುಟ್ಟ ಸಿಟಿ ಬದಲಿಸಿಕೊಟ್ಟರು, ಬ್ಲಾಕಿನ ಇಂಡೆಂಟ್ (ಬೇಡಿಕೆ ಚೀಟಿ) ಮಾತ್ರ ಸ್ಟೋರಿನಲ್ಲೇ ಬಿದ್ದಿದೆ. ಅದು ಬಂದು ಕೂರುವವರೆಗೆ ಆ ಪ್ಯಾನೆಲ್‌ನ ಯಾವ ಮೀಟರನ್ನೂ ಶಟ್‌ಡೌನ್ ಇಲ್ಲದೆ ಮುಟ್ಟುವುದಿಲ್ಲ, ಹುಡುಗನಿಗೂ ಮುಟ್ಟಲು ಬಿಡುವುದಿಲ್ಲ ಎಂದು ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಮಾಡಿದ್ದೇನೆ. ಮ್ಯಾನೇಜರ್ ಅದರ ಕೆಳಗೆ ಇನ್ನೂ ಸಹಿ ಹಾಕಿಲ್ಲ.