ರಾಕೆಟ್ ಬೆಂಕಿಯ ಮುಂದೆ ಮೀಟರ್ ಸೋಲುತ್ತದೆ

ರಾತ್ರಿ ಉಡಾವಣೆಗೆ ಮೊದಲು ಕ್ಯಾಮೆರಾದ ಮೀಟರ್, ಅಂದರೆ ಬೆಳಕು ಅಳೆಯುವ ಸಾಧನ, ಅಳೆಯುವುದು ಬರೀ ಕತ್ತಲೆಯನ್ನು. ಅದನ್ನು ನಂಬಿ ಆಟೊದಲ್ಲಿ ಬಿಟ್ಟರೆ ಬೆಂಕಿ ಹೊತ್ತಿದ ಮರುಕ್ಷಣ ಫ್ರೇಮಿನಲ್ಲಿ ಉಳಿಯುವುದು ಒಂದು ಬಿಳಿ ಉಂಡೆ. ಹಾಗಾಗಿ ಎಲ್ಲವೂ ಮ್ಯಾನುಯಲ್, ಎಲ್ಲವೂ ಮೊದಲೇ ನಿರ್ಧಾರವಾಗಿರಬೇಕು.

ಯಾವ ಇಂಧನ ಉರಿಯುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಇಸ್ರೋದ ರಾಕೆಟ್‌ಗಳಾದ ಪಿಎಸ್‌ಎಲ್‌ವಿಯ ಮೊದಲ ಹಂತ, ಎಲ್‌ವಿಎಂ3ರ ಎರಡು ಬೂಸ್ಟರ್‌ಗಳು ಘನ ಇಂಧನದವು. ಅದರಲ್ಲಿರುವ ಅಲ್ಯೂಮಿನಿಯಂ ಪುಡಿ ಕಣ್ಣು ಕುಕ್ಕುವಂತೆ ಉರಿಯುತ್ತದೆ. ರಾತ್ರಿ ರಾಕೆಟ್ ಏರುವ ದಾರಿಯನ್ನು ಒಂದೇ ಚಿತ್ರದಲ್ಲಿ ಬೆಳಕಿನ ಗೆರೆಯಾಗಿ ಹಿಡಿಯಲು ಇವಕ್ಕೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಲೆನ್ಸಿನ ಕಿಂಡಿ ಎಫ್/16 (ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಸಣ್ಣದು). ಸಂಸ್ಕರಿಸಿದ ಸೀಮೆಎಣ್ಣೆ ಉರಿಸುವ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ಆದರೆ ಎಫ್/11ರಿಂದ ಶುರುಮಾಡಬಹುದು.

ಗೆರೆಗೆ ಬೇಕಾದದ್ದು 14ರಿಂದ 24 ಎಂಎಂ ಲೆನ್ಸ್, ಗಟ್ಟಿ ಟ್ರೈಪಾಡ್, ಕ್ಯಾಮೆರಾ ಮುಟ್ಟದೆ ಶಟರ್ ಒತ್ತುವ ಕೇಬಲ್ ರಿಲೀಸ್. ಬೇಕಾದಷ್ಟು ಹೊತ್ತು ಶಟರ್ ತೆರೆದಿಡಬಹುದಾದ ಬಲ್ಬ್ ಮೋಡ್‌ನಲ್ಲಿ ಎರಡು ಮೂರು ನಿಮಿಷ ಶಟರ್ ತೆರೆದಿಡಿ. ರಾಕೆಟ್ ಸಮುದ್ರದ ಕಡೆ ಬಾಗುತ್ತದೆ, ಆ ಬದಿಗೆ ಧಾರಾಳವಾಗಿ ಜಾಗ ಬಿಡಿ. ಪಿಎಸ್‌ಎಲ್‌ವಿಯ ಮೊದಲ ಹಂತ ಸುಮಾರು 110 ಸೆಕೆಂಡಿಗೆ ಮುಗಿದು ದ್ರವ ಇಂಧನದ ಎರಡನೇ ಹಂತ ಹೊತ್ತಿದಾಗ ಗೆರೆ ಒಮ್ಮೆಲೇ ತೆಳ್ಳಗಾಗುತ್ತದೆ. ಕ್ಯಾಮೆರಾ ಕೆಟ್ಟಿತೆಂದು ಶಟರ್ ಮುಚ್ಚಬೇಡಿ.

ಗೆರೆಯ ಬುಡ ಸುಟ್ಟು ಬಿಳಿಯಾಗುವುದು ಎಲ್ಲರಿಗೂ ಎದುರಾಗುವ ತೊಂದರೆ. ಮೊದಲ ಕೆಲವು ಸೆಕೆಂಡು ರಾಕೆಟ್ ನಿಧಾನವಾಗಿ ಏರುವುದರಿಂದ ಬೆಳಕು ಒಂದೇ ಕಡೆ ಸುರಿಯುತ್ತದೆ, ಸುತ್ತಲ ಹೊಗೆಯೂ ಬೆಳಗುತ್ತದೆ. ರಾಕೆಟ್ ಫ್ರೇಮಿನ ಅರ್ಧ ದಾಟಿದ ಮೇಲೆ ಕಪ್ಪು ರಟ್ಟೊಂದನ್ನು ಲೆನ್ಸಿಗೆ ತಾಗಿಸದೆ ಕೆಳಭಾಗಕ್ಕೆ ಅಡ್ಡ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಿರಿ. ಕೈ ನಿಲ್ಲಿಸಿದರೆ ರಟ್ಟಿನ ಅಂಚು ಚಿತ್ರದಲ್ಲಿ ಕಾಣುತ್ತದೆ.

ಇಷ್ಟಾದರೂ ಹೆಚ್ಚು ಚಿತ್ರ ಹಾಳಾಗುವುದು ಫೋಕಸ್‌ನಿಂದಲೇ. ಲೆನ್ಸಿನ ಮೇಲಿನ ಇನ್ಫಿನಿಟಿ ಗುರುತು ಸಾಕಾಗುವುದಿಲ್ಲ. ಆಟೊಫೋಕಸ್ ಆಫ್ ಮಾಡಿ, ಲೈವ್ ವ್ಯೂನಲ್ಲಿ (ಕ್ಯಾಮೆರಾ ಪರದೆಯ ನೇರ ನೋಟ) ಹತ್ತು ಪಟ್ಟು ದೊಡ್ಡದು ಮಾಡಿ, ದೂರದ ದೀಪವೋ ನಕ್ಷತ್ರವೋ ಸಣ್ಣ ಚುಕ್ಕಿಯಾಗುವವರೆಗೆ ರಿಂಗ್ ತಿರುಗಿಸಿ, ಟೇಪ್ ಅಂಟಿಸಿ. ಎಸಿಯಿಂದ ನೇರ ತಂದ ಲೆನ್ಸ್ ಕರಾವಳಿಯ ತೇವಕ್ಕೆ ಮಂಜು ಕಟ್ಟುತ್ತದೆ; ಬ್ಯಾಗಿನಲ್ಲೇ ಇಟ್ಟು ಒಂದು ಗಂಟೆ ಮೊದಲೇ ಹೊರಗಿಡಿ. ಕೌಂಟ್‌ಡೌನ್ ತಡೆದು ಮತ್ತೆ ಶುರುವಾದರೆ ಗಾಜನ್ನೂ ಫೋಕಸ್ಸನ್ನೂ ಇನ್ನೊಮ್ಮೆ ನೋಡಿ. ದೀರ್ಘ ಚಿತ್ರದ ಚುಕ್ಕೆಗಳನ್ನು ಅಳಿಸುವ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಕೂಡ ಆಫ್ ಇರಲಿ, ಇಲ್ಲದಿದ್ದರೆ ಮೂರು ನಿಮಿಷದ ಚಿತ್ರದ ನಂತರ ಕ್ಯಾಮೆರಾ ಇನ್ನೂ ಮೂರು ನಿಮಿಷ ಸುಮ್ಮನೆ ಕೂರುತ್ತದೆ.

ಹಗಲಿನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್‌ನಿಂದ ಬಹಳ ನಿರೀಕ್ಷೆ ಬೇಡ. 44 ಮೀಟರ್ ಎತ್ತರದ ಪಿಎಸ್‌ಎಲ್‌ವಿ 15 ಕಿಲೊಮೀಟರ್ ದೂರದಿಂದ 400 ಎಂಎಂ ಲೆನ್ಸಿನಲ್ಲಿ ಸೆನ್ಸರ್ ಮೇಲೆ ಬೀಳುವುದು ಸುಮಾರು 1.2 ಮಿಲಿಮೀಟರ್. ಫುಲ್ ಫ್ರೇಮ್ ಸೆನ್ಸರ್‌ನ ಎತ್ತರವೇ 24 ಮಿಲಿಮೀಟರ್. ಬಿಸಿಲಿನ ಕಾವಿಗೆ ಗಾಳಿ ನಡುಗಿ ಅಷ್ಟೂ ಕದಡುತ್ತದೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಚಿತ್ರ), ಐಎಸ್‌ಒ 400, ಎಫ್/8, ಶಟರ್ 1/2000 ಸೆಕೆಂಡ್ ಇಟ್ಟುಕೊಂಡು, ಘನ ಇಂಧನದ ಬೆಂಕಿಗೆ 1/4000ಕ್ಕೆ ಇಳಿಸಿ. ಸಾಲಾಗಿ ಚಿತ್ರ ತೆಗೆಯುವ ಬರ್ಸ್ಟ್ ಅನ್ನು ಚಿಕ್ಕ ಚಿಕ್ಕ ಕಂತಿನಲ್ಲಿ ಒತ್ತಿ. ಒಂದೇ ಸಮನೆ ಒತ್ತಿದರೆ ಕ್ಯಾಮೆರಾದ ತಾತ್ಕಾಲಿಕ ಮೆಮೊರಿಯಾದ ಬಫರ್ ತುಂಬಿ, ರಾಕೆಟ್ ಹೊಗೆಯಿಂದ ಹೊರಬರುವ ಹೊತ್ತಿಗೆ ಕ್ಯಾಮೆರಾ ತಡವರಿಸುತ್ತದೆ.

ಸದ್ದಿಗೆ ಕಾಯಬೇಡಿ. 15 ಕಿಲೊಮೀಟರ್ ದಾಟಲು ಅದಕ್ಕೆ ಸುಮಾರು 44 ಸೆಕೆಂಡು ಬೇಕು. ಗೆರೆ ತೆಗೆಯುವವರಿಗೆ ಅದು ಎಕ್ಸ್‌ಪೋಷರ್ ನಡುವೆಯೇ ಬಂದು ಬಡಿಯುತ್ತದೆ; ಟ್ರೈಪಾಡ್‌ನ ನಡುಗಂಬಕ್ಕೆ ಭಾರದ ಬ್ಯಾಗ್ ನೇತುಹಾಕಿ, ಅದರ ತಳ ನೆಲಕ್ಕೆ ತಾಗಿರಲಿ, ಗಾಳಿಗೆ ತೂಗಾಡದಂತೆ.